ನಿರ್ವಾಹಕರ ಸಾರ್ವಜನಿಕ ನಡವಳಿಕೆ ನೋಡಿ ಭದ್ರತಾ ತಂತ್ರಾಂಶವನ್ನು ಆಯ್ದುಕೊಳ್ಳಬಹುದೇ?

ಪ್ರಶ್ನೆ: ತೀರ್ಥಹಳ್ಳಿಯ ಲೆಕ್ಕಿಗ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಅಡಿಕೆ ಬೆಳೆಗಾರರ ಸಹಕಾರ ಸಂಘದಲ್ಲಿ ನಾನು ಲೆಕ್ಕಪತ್ರದ ಜೊತೆಗೆ ಕಂಪ್ಯೂಟರ್‌ಗಳನ್ನೂ ನೋಡಿಕೊಳ್ಳುತ್ತೇನೆ. ಬ್ಯಾಂಕ್ ಖಾತೆಗಳು, ಜಿಎಸ್‌ಟಿ, ರೈತರ ನೋಂದಣಿಯ ಫ್ರೂಟ್ಸ್, ಬೆಳೆ ವಿಮೆಯ ಪೋರ್ಟಲ್ ಹೀಗೆ ಸಂಘದ ಎಲ್ಲ ಪಾಸ್‌ವರ್ಡ್‌ಗಳೂ ಇಂದಿಗೂ ಹಳೆಯ ಆವಕ ರಿಜಿಸ್ಟರಿನ ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿವೆ. ಬದಲಾದಾಗಲೆಲ್ಲ ರಬ್ಬರಿನಿಂದ ಉಜ್ಜಿ ಮತ್ತೆ ಬರೆದು, ಆ ಪುಟ ಹಿಂಬದಿಯ ಅಕ್ಷರ ಕಾಣುವಷ್ಟು ತೆಳುವಾಗಿದೆ. ಇದನ್ನು ಕೈಬಿಟ್ಟು ಪಾಸ್‌ವರ್ಡ್‌ಗಳನ್ನು ಬೀಗ ಹಾಕಿ ಇಡುವ, ಕೋಡ್ ಎಲ್ಲರಿಗೂ ತೆರೆದಿರುವ (ಓಪನ್ ಸೋರ್ಸ್) ಪಾಸ್‌ವರ್ಡ್ ಮ್ಯಾನೇಜರ್ ಒಂದನ್ನು ಬಳಸೋಣವೆಂದು ನಾನು ಮುಂದಿಟ್ಟ ಸಲಹೆಗೆ ಆಡಳಿತ ಮಂಡಳಿ ತಾತ್ವಿಕವಾಗಿ ಒಪ್ಪಿದೆ.

ತೊಡಕು ಬಂದದ್ದು ಆಯ್ಕೆಯಲ್ಲಿ. ಕೊನೆಗೆ ಎರಡು ತಂತ್ರಾಂಶಗಳು ಉಳಿದಿವೆ. ಅವುಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಯಾರನ್ನೂ ದೂರುವುದು ನನ್ನ ಉದ್ದೇಶವಲ್ಲ. ಒಂದರ ಮುಖ್ಯ ನಿರ್ವಾಹಕರು, ಅಂದರೆ ಅದರ ಕೋಡ್ ನೋಡಿಕೊಂಡು ಹೊಸ ಆವೃತ್ತಿಗಳನ್ನು ಹೊರತರುವವರು, ಬಹಳ ಒರಟು ಮಾತಿನವರು. ದೋಷ ತಿಳಿಸಿದವರಿಗೆ ‘ಮೊದಲು ಓದಿಕೊಂಡು ಬನ್ನಿ’ ಎನ್ನುತ್ತಾರೆ, ಸಾಮಾಜಿಕ ಜಾಲತಾಣದಲ್ಲಿ ಬೇರೆ ಯೋಜನೆಗಳವರೊಡನೆ ದಿನಗಟ್ಟಲೆ ವಾದಕ್ಕಿಳಿಯುತ್ತಾರೆ. ಇನ್ನೊಂದರ ನಿರ್ವಾಹಕರು ಎಲ್ಲ ಪ್ರಶ್ನೆಗಳಿಗೂ ತಡಮಾಡದೆ, ಧನ್ಯವಾದ ಹೇಳಿ ಉತ್ತರಿಸುತ್ತಾರೆ. ಈ ಜಗಳಗಳನ್ನು ಓದಿದ ನಮ್ಮ ನಿರ್ದೇಶಕರೊಬ್ಬರು, ಹೀಗೆ ಮಾತನಾಡುವವರ ಕೈಗೆ ಸಂಘದ ಬೀಗದ ಕೈ ಕೊಡುವುದು ಹೇಗೆ ಎಂದು ಕೇಳಿದರು.

ಕೋಡ್ ಓದಿ ಅಳೆಯುವ ಸಾಮರ್ಥ್ಯ ನಮ್ಮಂಥವರಿಗಿಲ್ಲ. ನಮಗೆ ಕಾಣುವುದು ಅದನ್ನು ನಡೆಸುವವರ ನಡೆ ನುಡಿ ಮಾತ್ರ. ಅಷ್ಟನ್ನೇ ನೋಡಿ ತೀರ್ಮಾನಿಸುವುದು ಸರಿಯೇ? ಸರಿಯೆಂದಾದರೆ ಅದರಲ್ಲಿ ಯಾವುದನ್ನು ತೂಗಬೇಕು, ಯಾವುದನ್ನು ಬದಿಗಿಡಬೇಕು? ಸದಸ್ಯರ ಹಣದ ವಿಷಯವಾದ್ದರಿಂದ ಮುಂದಿನ ಸಭೆಯಲ್ಲಿ ಕಾರಣ ಕೊಟ್ಟು ಮಾತನಾಡಬೇಕಾಗಿದೆ.

ಉತ್ತರ: ತುಂಗಾ ಟರ್ಮಿನಲ್, ಶಿವಮೊಗ್ಗ

ನಡವಳಿಕೆಯನ್ನು ನೋಡಲೇಬೇಕು, ಆದರೆ ಸೌಜನ್ಯಕ್ಕೆ ಮೊದಲ ಅಂಕ ಕೊಡಬೇಡಿ. ಸರ್ವರ್‌ಗಳನ್ನು ನೋಡಿಕೊಳ್ಳುವ ನಮ್ಮಂಥವರು 2024ರ ಎಕ್ಸ್‌ಝಡ್ ಪ್ರಕರಣದಿಂದ ಕಲಿತದ್ದು ಇದು. ಎಕ್ಸ್‌ಝಡ್ ಯುಟಿಲ್ಸ್ ಎಂಬುದು ದತ್ತಾಂಶವನ್ನು ಕುಗ್ಗಿಸುವ ಒಂದು ಸಣ್ಣ ತಂತ್ರಾಂಶ. ಸರ್ವರ್‌ಗಳನ್ನು ನಡೆಸುವ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಇರುವ ಬಹುತೇಕ ಕಡೆ ಅದು ಇರುತ್ತದೆ. ಜಿಯಾ ಟಾನ್ ಎಂಬ ಹೆಸರಿನ ವ್ಯಕ್ತಿ, ಅಥವಾ ಆ ಹೆಸರಿನ ಹಿಂದಿದ್ದ ತಂಡ, ಎರಡು ವರ್ಷಕ್ಕೂ ಹೆಚ್ಚು ಕಾಲ ತಾಳ್ಮೆಯಿಂದ, ವಿನಯದಿಂದ, ಉಪಯುಕ್ತ ತಿದ್ದುಪಡಿಗಳನ್ನೇ ಕಳುಹಿಸುತ್ತ ಸಹ ನಿರ್ವಾಹಕನ ಸ್ಥಾನಕ್ಕೆ ಏರಿತು. 2024ರ ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ಬಿಡುಗಡೆಯಾದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ದೂರದಿಂದ ಸರ್ವರ್ ಒಳಗೆ ನುಗ್ಗಲು ದಾರಿ ಮಾಡಿಕೊಡುವ ಹಿಂಬಾಗಿಲು ಸೇರಿತ್ತು.

ಅದು ಬಯಲಾದ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ದತ್ತಸಂಚಯ ತಂತ್ರಾಂಶದ ಡೆವಲಪರ್ ಆಂದ್ರೆಸ್ ಫ್ರೋಯಿಂಡ್ ಅವರು ಡೆಬಿಯನ್ ಎಂಬ ಲಿನಕ್ಸ್‌ನ ಅಸ್ಥಿರ (ಅನ್‌ಸ್ಟೇಬಲ್) ಆವೃತ್ತಿಯ ಯಂತ್ರದಲ್ಲಿ ವೇಗದ ಪರೀಕ್ಷೆ ನಡೆಸುತ್ತಿದ್ದಾಗ, ದೂರದಿಂದ ಯಂತ್ರದೊಳಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿರುವುದನ್ನೂ, ವಿಫಲವಾಗುವ ಲಾಗಿನ್‌ಗಳು ಸಹ ಅತಿಯಾಗಿ ಸಿಪಿಯು ತಿನ್ನುತ್ತಿರುವುದನ್ನೂ ಗಮನಿಸಿದರು. ಅದರ ಜಾಡು ಹಿಡಿದು ಹೋಗಿ 2024ರ ಮಾರ್ಚ್ 29ರಂದು ವಿಷಯವನ್ನು ಪ್ರಕಟಿಸಿದರು. ಹಿಂಬಾಗಿಲಿನ ಮುಖ್ಯ ಭಾಗವು ಪರೀಕ್ಷಾ ಕಡತಗಳ ವೇಷದಲ್ಲಿ ಅಡಗಿತ್ತು. ಅದನ್ನು ಎಬ್ಬಿಸುವ ತುಣುಕು ಎಲ್ಲರೂ ನೋಡುವ ಗಿಟ್ ಎಂಬ ಕೋಡ್ ಭಂಡಾರದಲ್ಲಿ ಇರದೆ, ಬಿಡುಗಡೆಗೆಂದು ಕಟ್ಟಿ ಕೊಡುವ ಟಾರ್ ಕಡತದಲ್ಲಿ ಮಾತ್ರ ಇತ್ತು. ಮಂಡಿಯಲ್ಲಿ ತಟ್ಟೆಗೆ ಸುರಿದು ತೋರಿಸಿದ ರಾಶಿ ಅಡಿಕೆ ಒಂದು, ಲಾರಿಗೆ ಏರಿದ ಚೀಲದಲ್ಲಿದ್ದದ್ದು ಇನ್ನೊಂದು ಎಂಬಂತಾಯಿತು. ಆ ಎರಡು ವರ್ಷಗಳ ಪತ್ರವ್ಯವಹಾರವನ್ನು ನಿಮ್ಮ ನಿರ್ದೇಶಕರು ಓದಿದ್ದರೆ ಜಿಯಾ ಟಾನ್‌ಗೆ ಪೂರ್ಣ ಅಂಕ ಕೊಡುತ್ತಿದ್ದರು.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಥಿಯೊ ಡಿ ರಾಟ್. ಇತರರೊಡನೆ ವರ್ತಿಸುವ ರೀತಿ ಸರಿಯಿಲ್ಲವೆಂಬ ಕಾರಣ ಕೊಟ್ಟು ನೆಟ್‌ಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆಯ ತಂಡವು 1994ರ ಕೊನೆಯಲ್ಲಿ ಅವರನ್ನು ಹೊರಹೋಗುವಂತೆ ಕೇಳಿತು. ಮರುವರ್ಷ ಅವರು ಅದೇ ಬಗೆಯ ಓಪನ್‌ಬಿಎಸ್‌ಡಿ ಆರಂಭಿಸಿದರು. ಇಂದು ಜಗತ್ತಿನ ಬಹುಪಾಲು ಲಿನಕ್ಸ್ ಸರ್ವರ್‌ಗಳಿಗೆ ದೂರದಿಂದ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ಆ ತಂಡದ್ದೇ. 2010ರ ಡಿಸೆಂಬರ್‌ನಲ್ಲಿ ಅವರಿಗೊಂದು ಖಾಸಗಿ ಪತ್ರ ಬಂತು; ಜಾಲದ ಸಂಪರ್ಕವನ್ನು ಗುಪ್ತವಾಗಿಡುವ, ಓಪನ್‌ಬಿಎಸ್‌ಡಿಯ ಐಪಿಸೆಕ್ ಕೋಡ್‌ನಲ್ಲಿ ಹಿಂದೆ ಎಫ್‌ಬಿಐ ಪರವಾಗಿ ಹಿಂಬಾಗಿಲುಗಳನ್ನು ಇಡಲಾಗಿದೆ ಎಂಬ ಆರೋಪ ಅದರಲ್ಲಿತ್ತು. ತಮ್ಮ ಯೋಜನೆಯ ಹೆಸರಿಗೇ ಮಸಿ ಬಳಿಯಬಲ್ಲ ಆ ಪತ್ರವನ್ನು ಅವರು ಮುಚ್ಚಿಡಲಿಲ್ಲ. ಇಡೀ ಪತ್ರವನ್ನು ಸಾರ್ವಜನಿಕವಾಗಿ ಪ್ರಕಟಿಸಿ, ಕೋಡ್ ಬಳಸುವವರೆಲ್ಲ ಪರಿಶೀಲಿಸಿಕೊಳ್ಳಲಿ ಎಂದರು. ಪರಿಶೀಲನೆಯಲ್ಲಿ ಕೆಲವು ಬಗ್‌ಗಳು ಸಿಕ್ಕವು, ಹಿಂಬಾಗಿಲು ಸಿಗಲಿಲ್ಲ. ಒಬ್ಬ ನಿರ್ವಾಹಕನ ಸಾರ್ವಜನಿಕ ನಡವಳಿಕೆ ಎಂದಾಗ ನಾನು ತೂಗುವುದು ಇಂಥ ಗಳಿಗೆಯನ್ನು.

ಮೌನವೂ ನಡವಳಿಕೆಯೇ. ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡುವ ಟ್ರೂಕ್ರಿಪ್ಟ್ ತಂತ್ರಾಂಶವನ್ನು ಬರೆದವರು ಯಾರೆಂದು ಬಳಕೆದಾರರಿಗೆ ಗೊತ್ತಿರಲಿಲ್ಲ. 2014ರ ಮೇ 28ರಂದು ಅದರ ಜಾಲತಾಣದಲ್ಲಿ, ಈ ತಂತ್ರಾಂಶ ಸುರಕ್ಷಿತವಲ್ಲ, ಇದರಲ್ಲಿ ಸರಿಪಡಿಸದ ಭದ್ರತಾ ದೋಷಗಳಿರಬಹುದು, ವಿಂಡೋಸ್‌ನ ಬಿಟ್‌ಲಾಕರ್‌ಗೆ ಹೋಗಿ ಎಂಬ ಸೂಚನೆ ಕಾಣಿಸಿಕೊಂಡಿತು. ಯಾವ ದೋಷ ಎಂಬ ವಿವರಣೆ ಇರಲಿಲ್ಲ; ಮೈಕ್ರೋಸಾಫ್ಟ್ ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಲ್ಲಿಸಿದ ಮೇಲೆ ಕೆಲಸ ಕೊನೆಗೊಳಿಸಲಾಗಿದೆ ಎಂದಷ್ಟೇ ಇತ್ತು. 2015ರ ಏಪ್ರಿಲ್‌ನಲ್ಲಿ ಮುಗಿದ ಸ್ವತಂತ್ರ ಪರಿಶೋಧನೆಯಲ್ಲಿ ಉದ್ದೇಶಪೂರ್ವಕ ಹಿಂಬಾಗಿಲಾಗಲಿ, ಗಂಭೀರ ವಿನ್ಯಾಸ ದೋಷವಾಗಲಿ ಕಂಡುಬರಲಿಲ್ಲ. ಅಷ್ಟರಲ್ಲಿ ನಂಬಿಕೆ ಮುರಿದು, ಹಲವರು ಅದರಿಂದ ಕವಲೊಡೆದಿದ್ದ ವೆರಾಕ್ರಿಪ್ಟ್ ಕಡೆಗೆ ಹೋಗಿಯಾಗಿತ್ತು. ಹಿಂಬಾಗಿಲು ಸಿಗದಿದ್ದರೂ ತಂತ್ರಾಂಶ ಸತ್ತದ್ದು ಹೀಗೆ.

ಆದ್ದರಿಂದ ನೀವು ಆ ಎರಡು ಯೋಜನೆಗಳ ಕೊನೆಯ ಗಂಭೀರ ದೋಷವನ್ನು ಹುಡುಕಿ ಓದಿ. ಯಾರು ತಿಳಿಸಿದರು, ಎಂದು ತಿಳಿಸಿದರು, ಯಾವ ಆವೃತ್ತಿಗಳಿಗೆ ಅಪಾಯವಿತ್ತು, ಯಾವಾಗ ಸರಿಯಾಯಿತು ಎಂಬುದು ಸ್ಪಷ್ಟವಾಗಿ ಬರೆದಿದೆಯೇ ನೋಡಿ. 2023ರ ಅಕ್ಟೋಬರ್‌ನಲ್ಲಿ ಜಾಲದ ಮೂಲಕ ದತ್ತಾಂಶ ಸಾಗಿಸುವ ಕರ್ಲ್ ತಂತ್ರಾಂಶದ ಡೇನಿಯಲ್ ಸ್ಟೆನ್‌ಬರ್ಗ್ ಅವರು, ಬಹುಕಾಲದಲ್ಲಿ ತಮ್ಮ ಯೋಜನೆ ಕಂಡ ಅತಿ ಕೆಟ್ಟ ದೋಷ ಬರುತ್ತಿದೆ ಎಂದು ಮೊದಲೇ ಎಚ್ಚರಿಸಿ, ನಿಗದಿತ ದಿನ 8.4.0 ಆವೃತ್ತಿಯನ್ನು ಬಿಡುಗಡೆ ಮಾಡಿ, 2020ರಲ್ಲಿ ತಾವೇ ಬರೆದ ಸಾಲುಗಳಲ್ಲಿ ಆ ದೋಷ ನುಸುಳಿದ್ದು ಹೇಗೆಂದು ವಿವರವಾಗಿ ಬರೆದರು. ನೀವು ಅಳತೆಗೆ ಇಟ್ಟುಕೊಳ್ಳಬೇಕಾದದ್ದು ಆ ಮಟ್ಟ.

ಉತ್ತರ: ಸಹ್ಯಾದ್ರಿ ಉಪನ್ಯಾಸಕಿ, ಶಿವಮೊಗ್ಗ

ಮೇಲಿನ ಉತ್ತರದ ಬಹುಭಾಗವನ್ನು ಒಪ್ಪುತ್ತೇನೆ, ಆದರೆ ಒರಟುತನವನ್ನು ಬದಿಗಿಡಬಹುದೆಂಬ ಅರ್ಥ ಅದರಿಂದ ಹೊರಟರೆ ಅದನ್ನು ಬಲವಾಗಿ ವಿರೋಧಿಸುತ್ತೇನೆ. ಎಕ್ಸ್‌ಝಡ್ ಪ್ರಕರಣದ ಒಂದು ಮುಖ್ಯ ಭಾಗ ಅಲ್ಲಿ ಬಿಟ್ಟುಹೋಗಿದೆ. ಆ ದಾಳಿಯಲ್ಲಿ ವಿನಯ ಒಂದು ಕೈಯಾದರೆ ಒರಟುತನ ಇನ್ನೊಂದು ಕೈಯಾಗಿತ್ತು. ಮೂಲ ನಿರ್ವಾಹಕ ಲಾಸ್ಸೆ ಕೊಲ್ಲಿನ್ ಅವರ ಮೇಲೆ 2022ರಲ್ಲಿ ಅಪರಿಚಿತ ಖಾತೆಗಳಿಂದ ಒತ್ತಡದ ಪತ್ರಗಳು ಬಂದವು: ಕೆಲಸ ನಿಧಾನವಾಗಿದೆ, ನಿಮಗೆ ಆಸಕ್ತಿ ಉಳಿದಿಲ್ಲ, ಬೇರೆಯವರಿಗೆ ಬಿಟ್ಟುಕೊಡಿ. ತಮಗೆ ದೀರ್ಘಕಾಲದಿಂದ ಮಾನಸಿಕ ಆರೋಗ್ಯದ ತೊಂದರೆ ಇದೆ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಎಂದು ಅವರು ಬಹಿರಂಗವಾಗಿಯೇ ಬರೆಯಬೇಕಾಯಿತು. ಹಾಗೆ ದಣಿದವರ ಪಕ್ಕದಲ್ಲಿ ನೆರವಿಗೆ ಸಿದ್ಧನಾಗಿ ನಿಂತಿದ್ದವನು ಜಿಯಾ ಟಾನ್. ಬೈಗುಳ ಸಾಮಾನ್ಯವಾಗಿರುವ ಜಾಗದಲ್ಲಿ ಇಂಥ ಒತ್ತಡ ಅಸಹಜವೆಂದು ಯಾರಿಗೂ ಅನ್ನಿಸುವುದಿಲ್ಲ, ಅದೇ ಅಪಾಯ.

ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದೇ ಇಲ್ಲ. ನಾನು ಇಲ್ಲಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಹೊಸನಗರದ ಕಡೆಯ ವಿದ್ಯಾರ್ಥಿಯೊಬ್ಬ ತಾನು ಬಳಸುತ್ತಿದ್ದ ಒಂದು ಭದ್ರತಾ ತಂತ್ರಾಂಶದಲ್ಲಿ ದೋಷ ಕಂಡುಹಿಡಿದು, ಅದನ್ನು ಮರುಕಳಿಸುವ ಕ್ರಮವನ್ನು ಹಂತಹಂತವಾಗಿ ಬರೆದು, ಕಳುಹಿಸುವ ಮೊದಲು ಇಂಗ್ಲಿಷ್ ಸರಿಯಿದೆಯೇ ಎಂದು ನನಗೆ ತೋರಿಸಿದ. ಬಂದ ಉತ್ತರ ಒಂದೇ ಸಾಲು; ಅದರಲ್ಲಿ ಅವನ ಇಂಗ್ಲಿಷಿನ ಬಗ್ಗೆ ಹೀಯಾಳಿಕೆಯಿತ್ತು, ವರದಿಯನ್ನು ಅಲ್ಲಿಗೇ ಮುಚ್ಚಲಾಗಿತ್ತು. ಕೆಲವು ವಾರಗಳ ನಂತರ ಅವನಿಗೆ ಅದೇ ತಂತ್ರಾಂಶದಲ್ಲಿ ಎರಡನೆಯ ದೋಷ ಸಿಕ್ಕಿತು, ಮೊದಲಿನದಕ್ಕಿಂತ ದೊಡ್ಡದು. ಎಷ್ಟು ಹೇಳಿದರೂ ಅವನು ಅದನ್ನು ಕಳುಹಿಸಲು ಒಪ್ಪಲಿಲ್ಲ. ಆ ತಂತ್ರಾಂಶ ಬಳಸುವವರೆಲ್ಲರ ಭದ್ರತೆ ಆ ಒಂದು ಸಾಲಿನಿಂದ ಕಡಿಮೆಯಾಯಿತು. ಕೊನೆಗೆ ಅವನ ಅನುಮತಿ ಪಡೆದು, ಹೆಸರಿಲ್ಲದೆ, ನಾನೇ ಕಳುಹಿಸಿದೆ.

ದೊಡ್ಡ ಯೋಜನೆಗಳೇ ಈ ಸತ್ಯವನ್ನು ಒಪ್ಪಿಕೊಂಡಿವೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಲೀನಸ್ ಟೋರ್ವಾಲ್ಡ್ಸ್ 2018ರ ಸೆಪ್ಟೆಂಬರ್‌ನಲ್ಲಿ ತಮ್ಮ ಪತ್ರಗಳ ಕಟುತನಕ್ಕಾಗಿ ಸಾರ್ವಜನಿಕವಾಗಿ ಕ್ಷಮೆ ಕೇಳಿ ಕೆಲವು ಕಾಲ ಕೆಲಸದಿಂದ ದೂರ ಉಳಿದರು, ಮತ್ತು ಅದೇ ಸಮಯದಲ್ಲಿ ಕರ್ನಲ್ ಯೋಜನೆ ನೀತಿ ಸಂಹಿತೆಯೊಂದನ್ನು ಅಳವಡಿಸಿಕೊಂಡಿತು. ಥಿಯೊ ಡಿ ರಾಟ್ ಅವರ ಉದಾಹರಣೆ ನಿಜವೇ, ಆದರೆ ಓಪನ್‌ಬಿಎಸ್‌ಡಿಗೆ ಪರಸ್ಪರ ಕೋಡ್ ಪರಿಶೀಲಿಸುವ, ವರ್ಷಗಳಿಂದ ಜೊತೆಗಿರುವ ಒಂದು ತಂಡವಿದೆ. ಒಬ್ಬರೇ ನಡೆಸುವ ಸಣ್ಣ ಯೋಜನೆಯ ಒರಟುತನವನ್ನು ಅದರೊಂದಿಗೆ ಹೋಲಿಸಲಾಗದು. ಅಲ್ಲಿ ಒರಟುತನದಿಂದ ದೂರ ಸರಿಯುವವರೇ ನಾಳೆ ಉತ್ತರಾಧಿಕಾರಿಗಳಾಗಬೇಕಾದವರು.

ಬಳಸುವವರ ನಡವಳಿಕೆಯನ್ನೂ ಇದರೊಳಗೆ ಸೇರಿಸಿ ನೋಡಬೇಕು. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ, ಜಗತ್ತಿನ ಬ್ಯಾಂಕುಗಳೂ ಅಂಗಡಿಗಳೂ ಜಾಲದ ವ್ಯವಹಾರವನ್ನು ಗುಪ್ತವಾಗಿಡಲು ನೆಚ್ಚಿಕೊಂಡಿದ್ದ, ಆ ದೋಷವಿದ್ದ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಮಾತ್ರ ಎಂಬುದು ತಿಳಿಯಿತು. ಹಣ ಕೊಡದೆ, ಕೈಜೋಡಿಸದೆ, ಉತ್ತರ ತಡವಾದರೆ ಮಾತ್ರ ಸಿಟ್ಟಿನಿಂದ ಬರೆಯುವ ಬಳಕೆದಾರರ ನಡುವೆ ಹತ್ತಾರು ವರ್ಷ ಕೆಲಸ ಮಾಡಿದವರ ಮಾತು ಒರಟಾದರೆ, ಆ ಒರಟುತನ ಎಲ್ಲಿಂದ ಬಂತೆಂದು ತಿಳಿದು ತೀರ್ಪು ಕೊಡಬೇಕು.

ಪ್ರಶ್ನಿಸಿದವರು: ತೀರ್ಥಹಳ್ಳಿಯ ಲೆಕ್ಕಿಗ

ಇಬ್ಬರಿಗೂ ಧನ್ಯವಾದಗಳು. ಒಂದು ಸ್ಪಷ್ಟನೆ ಬೇಕು. ದೋಷದ ವರದಿಯನ್ನು ನಿರ್ವಾಹಕರು ತಳ್ಳಿಹಾಕುವುದು ಸೊಕ್ಕೋ ಅಥವಾ ನ್ಯಾಯವಾದ ಭಿನ್ನಾಭಿಪ್ರಾಯವೋ ಎಂಬುದನ್ನು ಹೊರಗಿನವರಾದ ನಾವು ಗುರುತಿಸುವುದು ಹೇಗೆ? ನಾನು ಓದಿದ ಜಗಳಗಳಲ್ಲಿ ಹೆಚ್ಚಿನವು ಅಂಥವೇ.

ಉತ್ತರ: ಕೊಪ್ಪದ ಕಾಡಂಚಿನಿಂದ

ಇದಕ್ಕೆ ಕೀಪಾಸ್ ಎಂಬ ಪಾಸ್‌ವರ್ಡ್ ಮ್ಯಾನೇಜರಿನ 2023ರ ಎರಡು ಘಟನೆಗಳು ಒಳ್ಳೆಯ ಪಾಠ. ಎರಡರಲ್ಲೂ ನಿರ್ವಾಹಕರು ಒಬ್ಬರೇ, ಡೊಮಿನಿಕ್ ರೈಖ್ಲ್.

ಜನವರಿಯಲ್ಲಿ ಬಂದ ವರದಿಯ ಪ್ರಕಾರ, ಕೀಪಾಸ್‌ನ ಸಂರಚನಾ (ಸೆಟ್ಟಿಂಗ್ಸ್) ಕಡತವನ್ನು ಬದಲಾಯಿಸಬಲ್ಲ ದಾಳಿಕೋರನು ಅದರಲ್ಲಿ ಒಂದು ಆಜ್ಞೆಯನ್ನು ಸೇರಿಸಿ, ನೀವು ಮುಂದಿನ ಸಲ ಪಾಸ್‌ವರ್ಡ್ ಕಡತ ತೆರೆದಾಗ ಎಲ್ಲವೂ ಸಾದಾ ಅಕ್ಷರಗಳಲ್ಲಿ ಗುಟ್ಟಾಗಿ ಬೇರೆ ಕಡತಕ್ಕೆ ಹೋಗುವಂತೆ ಮಾಡಬಹುದಿತ್ತು. ಅವರು ಇದನ್ನು ದೋಷವೆಂದು ಒಪ್ಪಲಿಲ್ಲ. ನಿಮ್ಮ ಕಡತಗಳಲ್ಲಿ ಬರೆಯಬಲ್ಲವನು ಕೀಪಾಸ್ ತಂತ್ರಾಂಶವನ್ನೇ ಬದಲಾಯಿಸಬಲ್ಲ, ಅಸುರಕ್ಷಿತ ಯಂತ್ರದಲ್ಲಿ ಯಾವ ತಂತ್ರಾಂಶವೂ ಸುರಕ್ಷಿತವಾಗಿರಲಾರದು ಎಂಬುದು ಅವರ ವಾದ. ಹಲವರಿಗೆ ಇದು ಹಟವೆನಿಸಿತು. ಆದರೆ ವಾದವನ್ನು ಬಿಡದೆಯೇ ಅವರು ಸ್ವಲ್ಪ ಸಮಯದಲ್ಲೇ 2.53.1 ಆವೃತ್ತಿಯಲ್ಲಿ, ದತ್ತಾಂಶ ಹೊರತೆಗೆಯುವಾಗ ಪ್ರತಿ ಸಲವೂ ಮುಖ್ಯ ಪಾಸ್‌ವರ್ಡ್ ಕೇಳುವಂತೆ ಬದಲಾವಣೆ ಮಾಡಿದರು. ಮೇ ತಿಂಗಳಲ್ಲಿ ಬಂದ ಇನ್ನೊಂದು ವರದಿ ಬೇರೆ ಬಗೆಯದು: ಕಂಪ್ಯೂಟರಿನ ಮೆಮೊರಿಯಿಂದ ಮುಖ್ಯ ಪಾಸ್‌ವರ್ಡನ್ನು ಮೊದಲ ಅಕ್ಷರ ಬಿಟ್ಟು ಉಳಿದಂತೆ ಮರಳಿ ಪಡೆಯಬಹುದಿತ್ತು. ಅದನ್ನು ಅವರು ದೋಷವೆಂದು ಒಪ್ಪಿ ಜೂನ್‌ನಲ್ಲಿ 2.54 ಆವೃತ್ತಿಯಲ್ಲಿ ಸರಿಪಡಿಸಿದರು.

ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ತಮ್ಮ ತಂತ್ರಾಂಶ ಯಾರಿಂದ ಕಾಪಾಡುತ್ತದೆ, ಯಾರಿಂದ ಕಾಪಾಡಲಾರದು ಎಂಬುದನ್ನು ಸ್ಪಷ್ಟವಾಗಿ ಹೇಳಿ, ಅದೇ ಅಳತೆಯನ್ನು ಎಲ್ಲ ವರದಿಗಳಿಗೂ ಹಚ್ಚುವವರು ನಿರಾಕರಿಸಿದರೆ ಅದು ಭಿನ್ನಾಭಿಪ್ರಾಯ. ಕಾರಣವನ್ನೇ ಕೊಡದೆ, ತಿಳಿಸಿದವರ ಯೋಗ್ಯತೆಯನ್ನು ಪ್ರಶ್ನಿಸಿ ಬಾಗಿಲು ಹಾಕಿದರೆ ಅದು ಸೊಕ್ಕು. ಇನ್ನೂ ಒಂದು ಮಾತು: ಜನವರಿಯ ಆ ವಾದ ನಿಮ್ಮ ಕಚೇರಿಗೆ ನೇರವಾಗಿ ಅನ್ವಯಿಸುತ್ತದೆ. ಗುಮಾಸ್ತರೆಲ್ಲರೂ ಒಂದೇ ವಿಂಡೋಸ್ ಲಾಗಿನ್ ಬಳಸುತ್ತಿದ್ದರೆ, ಯಾವ ಪಾಸ್‌ವರ್ಡ್ ಮ್ಯಾನೇಜರ್ ತಂದರೂ ಅದರ ಕಡತಗಳಿಗೆ ಎಲ್ಲರ ಕೈಯೂ ತಾಗುತ್ತದೆ. ಮೊದಲು ಪ್ರತ್ಯೇಕ ಲಾಗಿನ್‌ಗಳನ್ನು ಮಾಡಿಕೊಡಿ.

ಮಾತಿಗಿಂತ ಹೆಚ್ಚಾಗಿ ನಾನು ನೋಡುವುದು ಕೀಲಿ ಯಾರ ಬಳಿ ಇದೆ ಎಂಬುದನ್ನು. 2018ರಲ್ಲಿ ಕಾಪರ್‌ಹೆಡ್‌ಓಎಸ್ ಎಂಬ ಆಂಡ್ರಾಯ್ಡ್ ಆಧಾರಿತ ಸುರಕ್ಷಿತ ವ್ಯವಸ್ಥೆಯ ಇಬ್ಬರು ಸ್ಥಾಪಕರ ನಡುವೆ ಜಗಳವಾಗಿ, ಅಪ್‌ಡೇಟ್‌ಗಳಿಗೆ ಸಹಿ ಹಾಕುವ ಕೀಲಿಗಳನ್ನು ಮುಖ್ಯ ಡೆವಲಪರ್ ಅಳಿಸಿಹಾಕಿದರು. ಅದೇ ಕೀಲಿಯ ಸಹಿ ಇಲ್ಲದ ಅಪ್‌ಡೇಟನ್ನು ಫೋನ್ ಸ್ವೀಕರಿಸುವುದಿಲ್ಲವಾದ್ದರಿಂದ ಬಳಕೆದಾರರು ಇದ್ದಲ್ಲೇ ನಿಂತರು. ಕೀಲಿ ತಪ್ಪು ಕೈಗೆ ಹೋಗಿ ಬಳಕೆದಾರರಿಗೆ ಅಪಾಯವಾಗದಿರಲಿ ಎಂದು ಹಾಗೆ ಮಾಡಿದೆನೆಂಬುದು ಅವರು ಕೊಟ್ಟ ಕಾರಣ. ಆ ಕಾರಣಕ್ಕೆ ತೂಕವಿದೆ ಎಂದು ನಾನೂ ಭಾವಿಸುತ್ತೇನೆ. ಆದರೆ ಇಬ್ಬರ ನಡುವಿನ ಮನಸ್ತಾಪ ಸಾವಿರಾರು ಮೈಲಿ ದೂರದ ಫೋನ್‌ಗಳ ಭದ್ರತೆಯನ್ನು ನಿರ್ಧರಿಸುವ ಸ್ಥಿತಿ ಬಂದದ್ದೇ ವ್ಯವಸ್ಥೆಯ ಕೊರತೆ. ಆ ಡೆವಲಪರ್ ಅವರ ಮುಂದಿನ ಕೆಲಸವೇ ಇಂದಿನ ಗ್ರಾಫೀನ್‌ಓಎಸ್. 2023ರ ಮೇ ತಿಂಗಳಲ್ಲಿ ಅವರು ಮುಖ್ಯ ಡೆವಲಪರ್ ಸ್ಥಾನದಿಂದ ಕೆಳಗಿಳಿಯುವುದಾಗಿ ಪ್ರಕಟಿಸಿದ ಬಳಿಕವೂ ಅದಕ್ಕೆ ಅಪ್‌ಡೇಟ್‌ಗಳು ನಿಲ್ಲದೆ ಬರುತ್ತಿವೆ.

ಸಂಘಕ್ಕೆ ನನ್ನ ಸಲಹೆ: ಕೆಡಿಬಿಎಕ್ಸ್ ಮಾದರಿಯಂಥ ಮುಕ್ತ ಕಡತವನ್ನು ಬಳಸುವ ತಂತ್ರಾಂಶವನ್ನು ತೆಗೆದುಕೊಳ್ಳಿ. ಕೀಪಾಸ್, ಕೀಪಾಸ್‌ಎಕ್ಸ್‌ಸಿ ಮತ್ತು ಮೊಬೈಲಿನ ಹಲವು ಆ್ಯಪ್‌ಗಳು ಅದೇ ಕಡತವನ್ನು ಓದುತ್ತವೆ. ನಾಳೆ ಒಬ್ಬ ನಿರ್ವಾಹಕರ ಮೇಲೆ ನಂಬಿಕೆ ಹೋದರೆ ಕಡತವನ್ನು ಹಾಗೆಯೇ ಇನ್ನೊಂದರಲ್ಲಿ ತೆರೆಯಬಹುದು. ಮಳೆಗಾಲದಲ್ಲಿ ನೆಟ್‌ವರ್ಕ್ ಹೋದಾಗಲೂ ಕಡತ ನಿಮ್ಮ ಯಂತ್ರದಲ್ಲೇ ಇರುತ್ತದೆ.

ಪ್ರಶ್ನಿಸಿದವರು: ತೀರ್ಥಹಳ್ಳಿಯ ಲೆಕ್ಕಿಗ

ನೀವೆಲ್ಲ ಹೇಳಿದಂತೆ ಎರಡೂ ಯೋಜನೆಗಳ ಹಳೆಯ ದಾಖಲೆಗಳನ್ನು ಕುಳಿತು ಓದಿದೆ. ಸೌಜನ್ಯದ ನಿರ್ವಾಹಕರ ತಂತ್ರಾಂಶದಲ್ಲಿ ಭದ್ರತಾ ಪ್ರಕಟಣೆ ಎಂಬುದೇ ಇಲ್ಲ. ಪ್ರತಿ ಆವೃತ್ತಿಯ ಟಿಪ್ಪಣಿಯಲ್ಲೂ ‘ಸಣ್ಣಪುಟ್ಟ ತಿದ್ದುಪಡಿಗಳು’ ಎಂದಷ್ಟೇ ಇದೆ, ಬಿಡುಗಡೆಗಳೆಲ್ಲ ಒಬ್ಬರದೇ ಸಹಿಯಲ್ಲಿ ಬರುತ್ತವೆ. ಒರಟು ಮಾತಿನವರ ಯೋಜನೆಯಲ್ಲಿ ಪ್ರತಿಯೊಂದು ದೋಷಕ್ಕೂ ದಿನಾಂಕ, ಬಾಧಿತ ಆವೃತ್ತಿಗಳು, ಕಂಡುಹಿಡಿದವರ ಹೆಸರು ಇವೆ, ಬಿಡುಗಡೆಗೆ ಸಹಿ ಹಾಕುವ ಅಧಿಕಾರ ಒಬ್ಬರಿಗಿಂತ ಹೆಚ್ಚು ಜನರಿಗಿದೆ, ಮತ್ತು ಕಳೆದ ವರ್ಷದಿಂದ ಹೊರಗಿನ ವರದಿಗಳಿಗೆ ಇನ್ನೊಬ್ಬ ಸದಸ್ಯರು ಸಮಾಧಾನದಿಂದ ಉತ್ತರಿಸುತ್ತಿದ್ದಾರೆ. ಅದು ಕೆಡಿಬಿಎಕ್ಸ್ ಕಡತವನ್ನೂ ಓದುತ್ತದೆ.

ಸಭೆಗೆ ಒರಟು ಮಾತಿನವರ ತಂತ್ರಾಂಶವನ್ನೇ ಶಿಫಾರಸು ಮಾಡುತ್ತಿದ್ದೇನೆ. ನಿರ್ದೇಶಕರ ಆಕ್ಷೇಪವನ್ನೂ ಟಿಪ್ಪಣಿಯಲ್ಲಿ ಬರೆದು, ಪ್ರತಿ ವರ್ಷ ಲೆಕ್ಕಪರಿಶೋಧನೆಯ ಹೊತ್ತಿಗೆ ಆ ಯೋಜನೆಯ ಭದ್ರತಾ ಪ್ರಕಟಣೆಗಳನ್ನು ಓದಿ ಮಂಡಳಿಗೆ ವರದಿ ಕೊಡುವ ಜವಾಬ್ದಾರಿಯನ್ನು ನಾನೇ ವಹಿಸಿಕೊಳ್ಳುತ್ತೇನೆ. ಸಂಘದಿಂದ ವಿದೇಶಕ್ಕೆ ದೇಣಿಗೆ ಕಳುಹಿಸುವುದು ಸುಲಭವಿಲ್ಲ. ಆದರೆ ಆ ಯೋಜನೆಯ ಅನುವಾದದ ಕೆಲಸ ಸ್ವಯಂಸೇವಕರಿಂದಲೇ ನಡೆಯುತ್ತದೆಯಂತೆ. ನಮ್ಮ ಗುಮಾಸ್ತರಿಗೆ ಕನ್ನಡದಲ್ಲಿ ಪರದೆ ಬೇಕೇ ಬೇಕು. ಉಪನ್ಯಾಸಕಿಯವರೇ, ನಿಮ್ಮ ವಿದ್ಯಾರ್ಥಿಗಳಲ್ಲಿ ಇದಕ್ಕೆ ಸಮಯ ಕೊಡಬಲ್ಲವರು ಇದ್ದರೆ ದಯವಿಟ್ಟು ತಿಳಿಸಿ.